ಸ್ಕೇಟ್ಸ್ ಮೇಲೆ ಓಡೋದು ಬಂತು, ಹೊಳ್ಳೋದು ಯಾವಾಗ?

ಇವತ್ತಿನ ಸಂಚಿಕೆ ಒಂದು ಎಮ್ಮೆಯಿಂದ ಶುರು.

ಹೋದ ವರ್ಷ, ಬಾಗಲಕೋಟೆ ನವನಗರದ ಒಂದು ಸೆಕ್ಟರ್ ರಸ್ತೆ. ರವಿವಾರ ಮುಂಜಾನೆ ಆರರ ಸುಮಾರು ನಾನು ಇನ್‌ಲೈನ್ ಸ್ಕೇಟ್ಸ್ ಹಾಕ್ಕೊಂಡು ಹೊಂಟಿದ್ದೆ. ಮೂರು ವಾರದ ಕಲಿಕೆ. ನೆಟ್ಟಗೆ ಓಡೋದು ಚೆನ್ನಾಗಿಯೇ ಬಂದಿತ್ತು, ಸ್ವಲ್ಪ ಸೊಕ್ಕೂ ಬಂದಿತ್ತು. ಅಡ್ಡರಸ್ತೆಯಿಂದ ಒಂದು ಎಮ್ಮೆ ನಿಧಾನಕ್ಕೆ ಬಂದು ನಟ್ಟನಡುವೆ ನಿಂತಿತು. ನನಗೂ ಅದಕ್ಕೂ ನಡುವೆ ಹದಿನೈದು ಮೀಟರ್ ಇತ್ತು. ಪಕ್ಕಕ್ಕೆ ಸರಿದು ಹೋಗಲು ಬೇಕಾದಷ್ಟು ಜಾಗವೂ ಇತ್ತು. ಇಲ್ಲದ್ದು ಒಂದೇ, ಪಕ್ಕಕ್ಕೆ ಸರಿಯುವ ವಿದ್ಯೆ. ಎಮ್ಮೆಗೆ ಬಡೀಬಾರದು ಅಂತ ಕುಂತುಬಿಟ್ಟೆ. ಅಂದ್ರ, ಡಾಂಬರಿನ ಮ್ಯಾಲೆ ಕುಂತೆ. ಬೈಕಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೊಂಟಿದ್ದ ಹಿರಿಯರೊಬ್ಬರು ಗಾಡಿ ನಿಲ್ಲಿಸಿ ಕೇಳಿದರು: "ಯಾಕ ತಮ್ಮಾ, ಓಡಾಕ ಕಲ್ತಿ, ಹೊಳ್ಳಾಕ ಕಲ್ತಿಲ್ಲೇನು?"

ಆ ಮಾತು ಮನಸ್ಸಿನಲ್ಲಿ ಉಳೀತು. ನಮ್ಮ ಕಡೆ ತಿರುಗೋದು ಬೇರೆ, ಹೊಳ್ಳೋದು ಬೇರೆ. ದಾರಿ ಬಾಗಿದ ಹಾಗೆ ಬಾಗಿ ಹೋಗೋದು ತಿರುಗೋದು. ಬೆನ್ನು ಇದ್ದ ಕಡೆ ಮುಖ ಮಾಡೋದು ಹೊಳ್ಳೋದು. ಸ್ಕೇಟಿಂಗ್‌ನಲ್ಲೂ ಸರಿಯಾಗಿ ಇವೆರಡೇ ದೊಡ್ಡ ಪಾಠ: ಒಂದು ಟರ್ನ್, ಇನ್ನೊಂದು ಟ್ರಾನ್ಸಿಷನ್, ಅಂದ್ರ ಮುಂದಕ್ಕೆ ಹೋಗ್ತಿದ್ದವರು ವೇಗ ಬಿಡದೆ ಹಿಮ್ಮುಖವಾಗೋದು. ಇವತ್ತು ಇವೆರಡನ್ನೇ ಬಿಡಿಸಿ ಹೇಳ್ತೀನಿ.

ಇದಕ್ಕೆ ಎಮ್ಮೆಗಿಂತ ದೊಡ್ಡ ಕಾರಣವೂ ಇದೆ. ಇಳಕಲ್‌ನಲ್ಲಿರುವ ನಮ್ಮ ಅಕ್ಕನ ಮಗಳಿಗೆ ಒಂಬತ್ತು ವರ್ಷ. ಬೇಸಿಗೆ ಶಿಬಿರವೊಂದರಲ್ಲಿ ಹತ್ತು ದಿನ ಸ್ಕೇಟಿಂಗ್ ಕಲಿತಳು. ಹತ್ತು ದಿನವೂ ನೆಟ್ಟಗೆ ಓಡಿಸಿದರು, ಕೊನೇ ದಿನ ರೇಸ್ ಇಟ್ಟು ಪದಕ ಕೊಟ್ಟರು. ಮರುವಾರ ಮನೆ ಮುಂದಿನ ಇಳಿಜಾರಿನಲ್ಲಿ ಒಂದು ಟಂಟಂ ಎದುರಾಯಿತು. ತಿರುಗಲೂ ಬರಲಿಲ್ಲ, ನಿಲ್ಲಲೂ ಬರಲಿಲ್ಲ. ಕೈ ಊರಿ ಬಿದ್ದಳು, ಮಣಿಕಟ್ಟು ಮುರೀತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಸ್ಕೇಟ್ಸ್ ಮುಟ್ಟಲಿಲ್ಲ. "ಮಾಮಾ, ನೀ ಮೊದ್ಲ ಕಲಿ, ಆಮ್ಯಾಲೆ ನನಗ ಕಲ್ಸು" ಅಂದಳು. ಅಲ್ಲಿಂದ ನನ್ನ ಮೂರು ವಾರ ಶುರುವಾಗಿತ್ತು.

ತಿರುಗಲು ಬಾರದ ಕಷ್ಟ ಹಳೇದೇ. 1760ರಲ್ಲಿ ಲಂಡನ್‌ಗೆ ಬಂದ ಜಾನ್ ಜೋಸೆಫ್ ಮರ್ಲಿನ್ ಅನ್ನೋ ಕುಶಲಕರ್ಮಿ ಗಾಲಿ ಬೂಟು ಮಾಡಿಕೊಂಡಿದ್ದ. ಒಂದು ದೊಡ್ಡ ಪಾರ್ಟಿಗೆ ಅದನ್ನೇ ಹಾಕ್ಕೊಂಡು, ವಯಲಿನ್ ಬಾರಿಸುತ್ತ ಹೋದನಂತೆ. ತಿರುಗಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. 500 ಪೌಂಡಿಗೂ ಹೆಚ್ಚು ಬೆಲೆಯ ಕನ್ನಡಿಗೆ ಹೋಗಿ ಬಡಿದು ಕನ್ನಡಿ, ವಯಲಿನ್ ಎರಡೂ ಒಡೆದು, ಅವನಿಗೂ ಪೆಟ್ಟಾಯಿತು ಅನ್ನೋ ಕಥೆ ಸ್ಕೇಟಿಂಗ್ ಇತಿಹಾಸದ ಪುಸ್ತಕಗಳಲ್ಲೆಲ್ಲ ಸಿಗುತ್ತದೆ. ಒಂದು ಶತಮಾನ ಬಿಟ್ಟು, 1863ರಲ್ಲಿ, ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಎರಡು ಜೋಡಿ ಗಾಲಿಯ ಸ್ಕೇಟ್ಸ್‌ಗೆ ಪೇಟೆಂಟ್ ಪಡೆದ. ಮೈ ಓರೆ ಮಾಡಿದರೆ ಅದರ ಅಚ್ಚೇ ಹೊರಳುತ್ತಿತ್ತು. ಜನ ಸ್ಕೇಟಿಂಗ್‌ಗೆ ಮುಗಿಬಿದ್ದದ್ದು ಆಮೇಲೆ. 1980ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಸ್ಕಾಟ್ ಓಲ್ಸನ್ ಗಾಲಿಗಳನ್ನು ಮತ್ತೆ ಒಂದೇ ಸಾಲಿಗೆ ತಂದು ಈಗಿನ ಇನ್‌ಲೈನ್ ಸ್ಕೇಟ್ಸ್‌ಗೆ ದಾರಿ ಮಾಡಿದ. ಸಾಲುಗಾಲಿಯಲ್ಲಿ ಹೊರಳುವ ಅಚ್ಚು ಇಲ್ಲ. ಫ್ರೇಮ್ ಗಟ್ಟಿ. ಹಂಗಾದರೆ ತಿರುಗೋದು ಹ್ಯಾಂಗ?

ಬನಶಂಕರಿ ಜಾತ್ರೆಯಲ್ಲಿ ತೇರು ಎಳೆಯೋದನ್ನು ನೆನಪು ಮಾಡ್ಕೊಳ್ರಿ. ತೇರಿಗೆ ಹ್ಯಾಂಡಲ್ ಇಲ್ಲ. ದಿಕ್ಕು ತಪ್ಪಿದರೆ ಗಾಲಿಗೆ ಕಟ್ಟಿಗೆ ಕೊಟ್ಟು ಸರಿ ಮಾಡಬೇಕು. ಮೊದಮೊದಲು ನಾವು ಸ್ಕೇಟ್ಸ್‌ನ್ನು ಹಂಗೇ ತಿರುಗಿಸಲು ನೋಡ್ತೀವಿ, ಪಾದವನ್ನು ನೆಲದ ಮೇಲೆ ಒತ್ತಿ ತಿರುಚಿ. ಅದು ತಿರುಗೋದಿಲ್ಲ, ತೊಡರುತ್ತದೆ. ಇನ್‌ಲೈನ್ ಸ್ಕೇಟ್ಸ್ ತೇರಲ್ಲ, ಸೈಕಲ್. ಸೈಕಲ್ ವೇಗದಲ್ಲಿದ್ದಾಗ ವಾಲಿಸಿ ತಿರುಗಿಸ್ತೀವಲ್ಲ, ಹಂಗೆ. ಗಾಲಿಯ ಮೈ ಗುಂಡಗಿರುತ್ತದೆ, ಬೂಟನ್ನು ಓರೆ ಮಾಡಿದಾಗ ಅದರ ಪಕ್ಕದ ಅಂಚು ನೆಲ ಹಿಡಿಯುತ್ತದೆ. ಹೆಬ್ಬೆರಳಿನ ಕಡೆಯದು ಒಳ ಅಂಚು, ಕಿರುಬೆರಳಿನ ಕಡೆಯದು ಹೊರ ಅಂಚು. ಮುಂದಿನ ಎಲ್ಲ ಪಾಠವೂ ಈ ಎರಡು ಅಂಚಿನ ಆಟ. ಒಳ ಅಂಚು ಎಲ್ಲರಿಗೂ ಬೇಗ ಬರುತ್ತದೆ, ಕಾಲು ಅಗಲಿಸಿ ನಿಂತರೆ ತಾನೇ ಸಿಗುತ್ತದೆ. ಹೊರ ಅಂಚಿಗೆ ಮನಸ್ಸೇ ಒಪ್ಪೋದಿಲ್ಲ, ಬಿದ್ದೇ ಬೀಳ್ತೀನಿ ಅನಿಸುತ್ತದೆ. ನನಗೆ ಹೊರ ಅಂಚಿಗೇ ಎರಡು ತಿಂಗಳು ಹಿಡೀತು.

ಎಷ್ಟು ವಾಲಬೇಕು? ನಾನು ಬಿ.ಕಾಂ ಓದಿದವ, ಈ ಲೆಕ್ಕ ಸೈನ್ಸ್ ಓದಿದ ಗೆಳೆಯನಿಂದ ಬಿಡಿಸಿಕೊಂಡೆ. 3 ಮೀಟರ್ ತ್ರಿಜ್ಯದ ಬಾಗಿನಲ್ಲಿ ಗಂಟೆಗೆ 10 ಕಿ.ಮೀ. ವೇಗ ಇದ್ದರೆ ಸುಮಾರು 15 ಡಿಗ್ರಿ ವಾಲಿದರೆ ಸಾಕು. ಅದೇ ಬಾಗಿಗೆ 20 ಕಿ.ಮೀ. ವೇಗದಲ್ಲಿ ಬಂದರೆ ಸುಮಾರು 46 ಡಿಗ್ರಿ ಬೇಕು. ವೇಗ ಎರಡು ಪಟ್ಟು ಆದರೆ ಗಾಲಿ ನೆಲದಿಂದ ಬೇಡುವ ಹಿಡಿತ ನಾಲ್ಕು ಪಟ್ಟು. ಅಷ್ಟು ಹಿಡಿತ ಕೊಡಲು ಒಳ್ಳೆ ಡಾಂಬರಿಗೇ ಕಷ್ಟ, ಉಸುಕು ಬಿದ್ದ ರಸ್ತೆಯ ಮಾತಂತೂ ಬ್ಯಾಡ. ಪರಿಹಾರ ಸರಳ: ಬಾಗು ದೊಡ್ಡದು ಮಾಡಿ. 6 ಮೀಟರ್ ತ್ರಿಜ್ಯ ಆದರೆ ಅದೇ 20 ಕಿ.ಮೀ.ಗೆ 28 ಡಿಗ್ರಿ ಸಾಕು. ತಿರುವು ಕಂಡ ಮೇಲೆ ತಿರುಗೋದಲ್ಲ, ಅದಕ್ಕಿಂತ ಮೊದಲೇ ಶುರು ಮಾಡಬೇಕು.

ಈಗ ಸಮಾನಾಂತರ ತಿರುವು, ಪ್ಯಾರಲಲ್ ಟರ್ನ್. ಎಡಕ್ಕೆ ತಿರುಗಬೇಕು ಅಂತ ಇಟ್ಕೊಳ್ರಿ. ಎಡಗಾಲು ಅರ್ಧ ಬೂಟಿನಷ್ಟು ಮುಂದೆ. ಎರಡೂ ಮೊಣಕಾಲು ಬಾಗಿರಬೇಕು, ಕಣಕಾಲು ಬೂಟಿನ ನಾಲಗೆಗೆ ಒತ್ತಬೇಕು. ಮೊದಲು ಕಣ್ಣು ಎಡಕ್ಕೆ, ಆಮೇಲೆ ಭುಜ, ಆಮೇಲೆ ಸೊಂಟ. ಕಾಲು ಕಟ್ಟಕಡೆಗೆ. ಎಡ ಬೂಟು ಹೊರ ಅಂಚಿನ ಮೇಲೆ, ಬಲ ಬೂಟು ಒಳ ಅಂಚಿನ ಮೇಲೆ ವಾಲುತ್ತವೆ. ಎಮ್ಮೆ ಬಂದ ದಿನ ನನ್ನ ಕಣ್ಣು ಎಮ್ಮೆ ಮೇಲೇ ಇತ್ತು, ಪಕ್ಕದ ಖಾಲಿ ಜಾಗದ ಮೇಲೆ ಇರಲಿಲ್ಲ. ಕಣ್ಣು ಹೋದಲ್ಲಿಗೆ ಮೈ ಹೋಗುತ್ತದೆ. ಬೈಕ್ ಕಲಿಸುವಾಗ ತಗ್ಗು ನೋಡಬ್ಯಾಡ ಅಂತ ಹೇಳ್ತಾರಲ್ಲ, ಅದೇ ಕಾರಣ.

ಇದು ಬಂದ ಮೇಲೆ ಕ್ರಾಸ್‌ಓವರ್. ಎಡಕ್ಕೆ ಬಾಗಿ ಹೋಗ್ತಿರುವಾಗಲೇ ಬಲಗಾಲನ್ನು ಎತ್ತಿ ಎಡಗಾಲಿನ ಮುಂದೆ ದಾಟಿಸಿ ಇಡೋದು. ನೋಡುವವರಿಗೆ ದಾಟುವ ಕಾಲೇ ಕಾಣುತ್ತದೆ. ಕೆಲಸ ಮಾಡೋದು ಮಾತ್ರ ಕೆಳಗಿನ ಕಾಲು. ಎಡಗಾಲು ತನ್ನ ಹೊರ ಅಂಚಿನಿಂದ, ಬಲಗಾಲಿನ ಹಿಂದಿನಿಂದ ಹಾದು, ಬಲಕ್ಕೆ ನೆಲವನ್ನು ಒದೆಯಬೇಕು. ಬರೀ ಕಾಲು ದಾಟಿಸಿದರೆ ಅದು ಮೆಟ್ಟಿಲು ಹತ್ತಿದ ಹಾಗೆ, ವೇಗ ಏರೋದಿಲ್ಲ. ಎರಡೂ ಕಾಲು ಒದ್ದಾಗ ತಿರುವಿನಲ್ಲೇ ವೇಗ ಏರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಚೀನಾದ ಬೈದೈಹೆಯಲ್ಲಿ ಚೆನ್ನೈನ ಆನಂದ್‌ಕುಮಾರ್ ವೇಲ್‌ಕುಮಾರ್ 1000 ಮೀಟರ್‌ನಲ್ಲಿ ವಿಶ್ವ ಚಾಂಪಿಯನ್ ಆದರು, 1 ನಿಮಿಷ 24.924 ಸೆಕೆಂಡ್. ಸ್ಪೀಡ್ ಸ್ಕೇಟಿಂಗ್‌ನಲ್ಲಿ ಭಾರತಕ್ಕೆ ಅದು ಮೊದಲ ವಿಶ್ವ ಚಿನ್ನ. 200 ಮೀಟರ್ ಟ್ರ್ಯಾಕ್‌ನಲ್ಲಿ ಆ ದೂರಕ್ಕೆ ಐದು ಸುತ್ತು, ಹತ್ತು ತಿರುವು. ಅಂಥ ಓಟದ ವಿಡಿಯೋ ನೋಡುವಾಗ ಓಟಗಾರರ ಮುಖ ಬಿಟ್ಟು ತಿರುವಿನಲ್ಲಿ ಅವರ ಎಡಗಾಲು ನೋಡ್ರಿ, ನಾನು ಹೇಳಿದ್ದು ಒಮ್ಮೆಗೇ ತಿಳಿಯುತ್ತದೆ.

ಟ್ರ್ಯಾಕ್ ರೇಸ್ ಎಲ್ಲ ಎಡಸುತ್ತು. ಹಾಗಾಗಿ ತರಬೇತಿಯೂ ಎಡಕ್ಕೇ ಹೆಚ್ಚು. ರಸ್ತೆಯಲ್ಲಿ ಎಮ್ಮೆ ಯಾವ ಕಡೆಯಿಂದ ಬರುತ್ತದೆ ಅಂತ ಹೇಳಲಾಗದು. ಎಡಕ್ಕೆ ಹತ್ತು ಸುತ್ತು ಹಾಕಿದರೆ ಬಲಕ್ಕೂ ಹತ್ತು ಹಾಕಲೇಬೇಕು, ಬೇಸರ ಆದರೂ.

ಇನ್ನು ಹೊಳ್ಳೋದು. ಇದರಲ್ಲಿ ಸುಲಭದ್ದು ಮೊಹಾಕ್, ಕಾಲು ಬದಲಿಸಿ ಹೊಳ್ಳುವ ರೀತಿ. ಎಡಗಾಲಿನ ಒಳ ಅಂಚಿನ ಮೇಲೆ ಬಲಕ್ಕೆ ಮೆಲ್ಲಗೆ ಬಾಗುತ್ತ ಹೋಗಿ. ತಲೆ, ಭುಜ ಮೊದಲು ಬಲಕ್ಕೆ ತಿರುಗಿ ಹಿಂದಿನ ರಸ್ತೆ ನೋಡಲಿ. ಬಲಗಾಲು ಎತ್ತಿ, ಹಿಮ್ಮಡ ಹಿಮ್ಮಡಕ್ಕೆ ಎದುರಾಗುವಂತೆ, ಬೆರಳು ಹಿಂದಕ್ಕೆ ಮಾಡಿ ಇಡಿ. ಒಂದು ಕ್ಷಣ ಎರಡೂ ಪಾದ ಒಂದೇ ಗೆರೆಯಲ್ಲಿ, ಬೆನ್ನು ಮಾಡಿದ ಇಬ್ಬರ ಹಾಗೆ ನಿಲ್ಲುತ್ತವೆ. ಆ ಕ್ಷಣದಲ್ಲಿ ಭಾರವನ್ನು ಬಲಗಾಲಿಗೆ ಕೊಟ್ಟು ಎಡಗಾಲು ಎತ್ತಿ ಪಕ್ಕಕ್ಕೆ ತಂದರೆ ಆಯಿತು, ನೀವು ಹಿಮ್ಮುಖ. ಹೆದರಿದವರು ಭಾರ ಕೊಡೋದಿಲ್ಲ, ಎರಡೂ ಕಾಲಿನ ಮೇಲೆ ನಡುವೆ ಸಿಕ್ಕಿಬೀಳ್ತಾರೆ. ಬೀಳೋದು ಅಲ್ಲೇ. ಸೊಂಟದ ಕೀಲು ಬಿಗಿ ಇದ್ದವರಿಗೆ ಪಾದ ಅಷ್ಟು ತೆರೆಯೋದಿಲ್ಲ, ಕುರ್ಚಿಯಲ್ಲಿ ದಿನಾ ಎಂಟು ತಾಸು ಕೂಡುವ ನನ್ನಂಥವರಿಗೆ ಮುಖ್ಯ ತೊಂದರೆ ಅದೇ. ಮೊದಲು ಗೋಡೆ ಹಿಡಿದು, ಸ್ಕೇಟ್ಸ್ ಇಲ್ಲದೆ, ಬರಿಗಾಲಲ್ಲಿ ಮಾಡಿ ನೋಡ್ರಿ.

ಕಷ್ಟದ್ದು ತ್ರೀ ಟರ್ನ್. ಇಲ್ಲಿ ಕಾಲು ಬದಲಿಸುವ ಹಾಗಿಲ್ಲ, ಒಂದೇ ಕಾಲಲ್ಲಿ ಹೊಳ್ಳಬೇಕು. ಎಡಗಾಲಿನ ಹೊರ ಅಂಚಿನಲ್ಲಿ ಎಡಕ್ಕೆ ಬಾಗುತ್ತ ಹೋಗಿ, ಭುಜವನ್ನು ಮೊದಲೇ ತಿರುಚಿಟ್ಟುಕೊಂಡು, ಮೊಣಕಾಲು ಚೂರು ಎತ್ತರಿಸಿ ಭಾರ ಹಗುರ ಮಾಡಿ, ಮುಂದಿನ ಗಾಲಿಯ ಮೇಲೆ ಹೊಳ್ಳಿ, ಅದೇ ಕಾಲಿನ ಒಳ ಅಂಚಿನ ಮೇಲೆ ಹಿಂದಕ್ಕೆ ಹೋಗೋದು. ನೆಲದ ಮೇಲಿನ ಜಾಡು 3ರ ಅಂಕಿಯ ಹಾಗೆ ಕಾಣುತ್ತದೆ, ಹೆಸರು ಬಂದದ್ದು ಅದರಿಂದಲೇ. ಐಸ್ ಸ್ಕೇಟ್‌ನ ಅಲಗು ಕೆಳಗೆ ಬಾಗಿರುತ್ತದೆ, ಹಾಗಾಗಿ ಅಲ್ಲಿ ಇದು ಸಲೀಸು. ನಮ್ಮ ನಾಲ್ಕು ಗಾಲಿ ಒಂದೇ ಮಟ್ಟದಲ್ಲಿ ನೆಲ ಹಿಡಿದಿರುತ್ತವೆ, ಬಿಡೋದಿಲ್ಲ. ಸ್ಲಾಲಂ ಆಡುವವರು ನಡುವಿನ ಗಾಲಿ ಒಂಚೂರು ಕೆಳಗೆ ಇರುವ ಫ್ರೇಮ್ ಬಳಸೋದು ಇದಕ್ಕೇ. ಕಲಿಯುವವರು ಅದಕ್ಕೆ ದುಡ್ಡು ಹಾಕಬ್ಯಾಡ್ರಿ, ಸಮಗಾಲಿಯೇ ಸ್ಥಿರ.

ಹಿಮ್ಮುಖ ಆಗಿ ಏನು ಮಾಡೋದು ಅಂತ ಅಕ್ಕ ಕೇಳಿದಳು. ನಿಲ್ಲೋದು, ಅಕ್ಕಾ. ಪವರ್ ಸ್ಲೈಡ್ ಅನ್ನೋ ಗಟ್ಟಿ ಬ್ರೇಕ್ ಶುರುವಾಗೋದೇ ಹೊಳ್ಳುವುದರಿಂದ: ಹಿಮ್ಮುಖ ಆಗಿ, ಒಂದು ಕಾಲನ್ನು ಹೋಗುವ ದಿಕ್ಕಿಗೆ ಚಾಚಿ, ಬೂಟು ಅಡ್ಡ ಮಾಡಿ, ಗಾಲಿಗಳನ್ನು ನೆಲಕ್ಕೆ ಕೆರೆಸುತ್ತ ನಿಲ್ಲೋದು. ಹೊಳ್ಳಲು ಬಾರದವರಿಗೆ ಹಿಮ್ಮಡದ ರಬ್ಬರ್ ಬ್ರೇಕ್ ದೊಡ್ಡ ಆಸರೆ. ಎಷ್ಟೋ ಹುಡುಗರು ಸ್ಟೈಲ್‌ಗೆ ಅಂತ ಅದನ್ನೂ ಬಿಚ್ಚಿ ಒಗೆದಿರ್ತಾರೆ.

ನಮ್ಮ ಕಡೆ ಸ್ಕೇಟಿಂಗ್ ಸುದ್ದಿ ಅಂದ್ರೆ ಬಹುತೇಕ ಲಿಂಬೋ. ಬೆಳಗಾವಿಯ ರೋಹನ್ ಕೋಕಣೆ 2011ರಲ್ಲಿ ಇಟಲಿಯ ಟಿವಿ ಕಾರ್ಯಕ್ರಮದಲ್ಲಿ 25 ಸೆಂಟಿಮೀಟರ್ ಎತ್ತರದ ಕಂಬಿಗಳ ಕೆಳಗೆ 10 ಮೀಟರ್ ಹೋಗಿ ಗಿನ್ನೆಸ್ ದಾಖಲೆ ಮಾಡಿದರು. ಬೆಂಗಳೂರಿನ ಪುಟ್ಟ ಹುಡುಗನೊಬ್ಬ 39 ಕಾರುಗಳ ಕೆಳಗೆ ನುಸುಳಿದ ವಿಡಿಯೋ ನೀವೂ ನೋಡಿರ್ತೀರಿ. ದೊಡ್ಡ ಸಾಧನೆಯೇ, ತಕರಾರಿಲ್ಲ. ಆದರೆ ಅದು ನೇರ ಗೆರೆಯ ಆಟ. ಅದನ್ನು ನೋಡಿ ಮಗುವಿಗೆ ಸ್ಕೇಟ್ಸ್ ಕೊಡಿಸಿದವರು ತಿರುವಿನ ಬಗ್ಗೆ ಕೇಳೋದೇ ಇಲ್ಲ. ಶಿಬಿರಕ್ಕೆ ಹಾಕುವ ಮೊದಲು ಎರಡೇ ಪ್ರಶ್ನೆ ಕೇಳ್ರಿ: ನಿಲ್ಲೋದು ಎಷ್ಟನೇ ದಿನ ಕಲಿಸ್ತೀರಿ? ಬಲಕ್ಕೆ ತಿರುಗೋದು ಕಲಿಸ್ತೀರೋ ಇಲ್ಲೋ? ಮತ್ತೆ, ಮೊಣಕಾಲಿನ ಪ್ಯಾಡ್ ಎಲ್ಲರೂ ಕೊಡಿಸ್ತಾರೆ, ಮಣಿಕಟ್ಟಿನ ಗಾರ್ಡ್ ಮರೀತಾರೆ. ಬೀಳುವವರು ಮೊದಲು ಊರೋದು ಕೈ.

ಜಾಗದ ಮಾತು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಒಂದಷ್ಟು ಭಾಗ ಮುಳುಗಿದಾಗ ಕಟ್ಟಿದ ಊರು ನವನಗರ, ಸೆಕ್ಟರ್ ರಸ್ತೆಗಳು ಅಗಲ ಮತ್ತು ನೇರ. ಕಲಿಯಲು ನನಗೆ ಸಿಕ್ಕದ್ದರಲ್ಲಿ ಒಳ್ಳೇದು ಅದೇ, ಮುಂಜಾನೆ ಏಳರೊಳಗೆ. ಬಾದಾಮಿಯಲ್ಲಿ ಮರಳುಗಲ್ಲಿನ ಸಣ್ಣ ಉಸುಕು ರಸ್ತೆ ಅಂಚಿಗೆ ಸದಾ ಇರುತ್ತದೆ, ತಿರುವಿನಲ್ಲಿ ವಾಲಿದರೆ ಜಾರೋದು ಖಾತ್ರಿ. ಅಲ್ಲಿ ಪೊರಕೆ ತಗೊಂಡೇ ಹೋಗ್ತೀನಿ, ಜನ ನಗ್ತಾರೆ, ನಗಲಿ. ಹುನಗುಂದದ ಕಡೆ ಎರೆಮಣ್ಣು. ಮಳೆ ಆದ ಮೇಲೆ ಟ್ರ್ಯಾಕ್ಟರ್ ಗಾಲಿಯಿಂದ ಬಿದ್ದ ಹೆಂಟೆ ಒಣಗಿ ಪುಡಿಯಾಗಿ ಬೇರಿಂಗ್ ಒಳಗೆ ಸೇರುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ಒರೆಸಬೇಕು. ಇಳಕಲ್ ಗ್ರಾನೈಟಿನ ಊರು. ಪಾಲಿಶ್ ಮಾಡಿದ ನೆಲ ನೋಡಿದರೆ ಸ್ಕೇಟ್ಸ್‌ಗೆ ಹೇಳಿ ಮಾಡಿಸಿದಂತಿರುತ್ತದೆ. ನೆಟ್ಟಗೆ ಹೋಗಲು ಹೌದು. ಧೂಳು ಬಿದ್ದ ಪಾಲಿಶ್ ಕಲ್ಲಿನ ಮೇಲೆ ಅಂಚು ಮಾತ್ರ ಹಿಡಿಯೋದಿಲ್ಲ, ಕ್ರಾಸ್‌ಓವರ್ ಅಲ್ಲಿ ಬ್ಯಾಡ. ರಸ್ತೆ ಬದಿಯ ಕಲ್ಲಿನ ಚೂರು ಇನ್ನೂ ಕೆಟ್ಟದ್ದು, 80 ಮಿಲಿಮೀಟರ್ ಗಾಲಿ ಗೋಡಂಬಿಯಷ್ಟು ಚೂರಿಗೇ ನಿಂತುಬಿಡುತ್ತದೆ.

ಅಕ್ಕನ ಮಗಳಿಗೆ ನಾನು ಕಲಿಸೋದು ಅವರ ಮನೆ ತಾರಸಿ ಮೇಲೆ. ಒರಟು ಸಿಮೆಂಟ್, ಸುತ್ತ ಎದೆಮಟ್ಟದ ಗೋಡೆ. ವೇಗಕ್ಕೆ ಜಾಗವೇ ಇಲ್ಲ, ಅದೇ ಒಳ್ಳೇದಾಯಿತು. ಸೀಮೆಸುಣ್ಣದಲ್ಲಿ ಎರಡು ವೃತ್ತ ಬರೆದು 8ರ ಆಕಾರ ಮಾಡಿದ್ದೀವಿ. ಒಂದು ವೃತ್ತ ಎಡಕ್ಕೆ, ಒಂದು ಬಲಕ್ಕೆ, ಎರಡೂ ಕೂಡುವಲ್ಲಿ ಹೊಳ್ಳೋದು. ನಾಲ್ಕು ತಿಂಗಳಾಯಿತು. ಅವಳಿಗೆ ಬಲಕ್ಕೆ ಹೊಳ್ಳೋದು ನನಗಿಂತ ಚೊಲೋ ಬರ್ತದ. ಎಡಕ್ಕೆ ಹೊಳ್ಳುವಾಗ ಮಾತ್ರ ಮುರಿದಿದ್ದ ಕೈ ತಾನಾಗೇ ಮುಂದೆ ಬರುತ್ತದೆ, ಭುಜ ತಿರುಗೋದಿಲ್ಲ. ಹೋದ ರವಿವಾರ ಹನ್ನೊಂದು ಸಲ ಪ್ರಯತ್ನ ಮಾಡಿದಳು, ಎರಡು ಸಲ ಬಂತು. ಈ ರವಿವಾರ ಮತ್ತೆ ಹೊಂಟೀನಿ.