ಮನಸ್ಸಿನ ಬೇನೆಗೂ ಮದ್ದುಂಟು

ನಾವು ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ ಮಾಣಿಯೊಬ್ಬನು ವಾರಗಟ್ಟಲೆ ಊಟ, ನಿದ್ರೆ, ಮಾತುಗಳನ್ನು ತೊರೆದು ಮಂಕಾಗಿದ್ದನು. ಸೋಮಾರಿಯೆಂದು ಗದರಿ ಊರಿಗೆ ಕಳುಹಿಸಿದೆವು. ಅದು ಖಿನ್ನತೆಯೆಂಬ ರೋಗವೆಂದು ನಾವರಿತದ್ದು ಬಹಳ ತಡವಾಗಿ.

ವಿಜ್ಞಾನಿಗಳಿಗೂ ಇದರ ಸುಳಿವು ದೊರೆತದ್ದು ಆಕಸ್ಮಿಕವಾಗಿಯೇ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಇಪ್ರೋನಿಯಜಿಡ್ ಎಂಬ ಮದ್ದನ್ನು ಸೇವಿಸಿದ ಕ್ಷಯರೋಗಿಗಳು ಅನಿರೀಕ್ಷಿತವಾಗಿ ಉಲ್ಲಾಸಗೊಂಡರು. ಅತ್ತ, ನಮ್ಮ ನಾಡಿನ ಸರ್ಪಗಂಧಿಯ ಬೇರಿನಲ್ಲಿರುವ ರೆಸರ್ಪಿನ್ ಸೇವಿಸಿದ ರಕ್ತದೊತ್ತಡದ ರೋಗಿಗಳಲ್ಲಿ ಕೆಲವರು ಖಿನ್ನರಾದರು. ಮಿದುಳಿನ ಕಾಂಡದಲ್ಲಿರುವ ಕೆಲವು ನರಕೋಶಗಳು ಸಿರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಸಗಳ ಮೂಲಕ ಮಿದುಳಿನ ಎಲ್ಲೆಡೆಗೂ ಸಂದೇಶವನ್ನೊಯ್ಯುತ್ತವೆ. ಮೊದಲನೆಯ ಮದ್ದು ಈ ರಸಗಳು ನಾಶವಾಗದಂತೆ ತಡೆದಿತ್ತು. ಎರಡನೆಯದು ಅವುಗಳ ದಾಸ್ತಾನನ್ನೇ ಬರಿದುಮಾಡಿತ್ತು.

ಆದರೆ ರಸದ ಕೊರತೆಯೊಂದೇ ಖಿನ್ನತೆಗೆ ಕಾರಣವೆಂಬುದು ಇಂದಿಗೂ ಸಿದ್ಧಪಟ್ಟಿಲ್ಲ. ಈಗಿನ ಅನೇಕ ಗುಳಿಗೆಗಳು ಕೆಲವು ಗಂಟೆಗಳಲ್ಲಿಯೇ ಈ ರಸಗಳ ಮೇಲೆ ಪರಿಣಾಮ ಬೀರಿದರೂ, ಮನಸ್ಸು ಹಗುರಾಗಲು ಸಾಮಾನ್ಯವಾಗಿ 2ರಿಂದ 4 ವಾರಗಳು ಬೇಕು. ಅಷ್ಟರಲ್ಲಿ ನರಕೋಶಗಳು ಮೆಲ್ಲಮೆಲ್ಲನೆ ಹೊಸ ಸ್ಥಿತಿಗೆ ಹೊಂದಿಕೊಳ್ಳುತ್ತವೆ. ಎಂಟೇ ದಿನಕ್ಕೆ ಬೇಸತ್ತು ಮದ್ದು ಬಿಡುವುದೆಂದರೆ, ಹಿಟ್ಟು ಹುದುಗುವ ಮೊದಲೇ ಇಡ್ಲಿ ಬೇಯಲಿಟ್ಟಂತೆ. ವೈದ್ಯರನ್ನು ಕೇಳದೆ ನಿಲ್ಲಿಸಲಾಗದು. ವೈದ್ಯರೊಡನೆ ಮನಬಿಚ್ಚಿ ಮಾತನಾಡುವುದೂ ಚಿಕಿತ್ಸೆಯ ಭಾಗವೇ.

ಪರವೂರಿನಲ್ಲಿ ದುಡಿಯುವ ಬಂಧುಗಳೇ, 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಪಕ್ಕದ ಹಾಸಿಗೆಯ ಗೆಳೆಯನು ಮಂಕಾದರೆ, ನಮ್ಮಂತೆ ಗದರಬೇಡಿರಿ; ಜತೆಗೂಡಿ ವೈದ್ಯರ ಬಳಿಗೆ ಕರೆದೊಯ್ಯಿರಿ.