ಬರದ ವರ್ಷದ ಲೆಕ್ಕ

ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರು ಮತ್ತು ಮದ್ರಾಸ್ 1924ರಲ್ಲಿ ಕಾವೇರಿ ಒಪ್ಪಂದಕ್ಕೆ ಸಹಿ ಹಾಕಿದಾಗ ನಮ್ಮ ಧನಗೆರೆ ಆಚೆ ಕಡೆಯಲ್ಲಿತ್ತು. ನನ್ನ ತಾತ ಕಂದಾಯ ಕಟ್ಟುತ್ತಿದ್ದದ್ದು ಮದ್ರಾಸ್ ಸರ್ಕಾರಕ್ಕೆ. ಗದ್ದೆಯೂ ಹೊಳೆಯೂ ಇದ್ದಲ್ಲೇ ಇದ್ದವು. ಗಡಿ ಸರಿದು ನಾವು ಜಗಳದ ಈಚೆ ಕಡೆಯವರಾದೆವು.

ಇಸ್ರೇಲ್ ಮತ್ತು ಪ್ಯಾಲೆಸ್ಟೀನಿನವರ ಮಾತುಕತೆ ಯಾಕೆ ಮುರಿದು ಬೀಳುತ್ತಲೇ ಇದೆ ಎಂದು ಊರಿನ ಹುಡುಗರು ಕೇಳಿದರೆ ನಾನು ಮೊದಲು ಈ ಹೊಳೆಯ ಕಥೆ ಹೇಳುತ್ತೇನೆ. ಅಲ್ಲಿ ಮನೆಮಠ ಕಳೆದುಕೊಂಡವರಿದ್ದಾರೆ, ಸೇನೆಯ ಹಿಡಿತವಿದೆ, ಲೆಕ್ಕವಿಲ್ಲದ ಸಾವುಗಳಿವೆ. ನಮ್ಮದು ಒಂದೇ ದೇಶದ ಎರಡು ರಾಜ್ಯಗಳ ನೀರಿನ ತಕರಾರು. ಎರಡೂ ಸಮವಲ್ಲ. ಆದರೆ ಮಾತು ಕೆಡುವ ಬಗೆ ಹತ್ತಿರ ಹತ್ತಿರ.

ಕೂತು ಮಾತಾಡಲಿಲ್ಲ ಎಂದು ಕಾವೇರಿ ವಿಚಾರದಲ್ಲಿ ಯಾರೂ ಹೇಳುವಂತಿಲ್ಲ. ಕನ್ನಂಬಾಡಿ ಮತ್ತು ಮೆಟ್ಟೂರಿಗೆ ದಾರಿ ಮಾಡಿದ 1924ರ ಒಪ್ಪಂದಕ್ಕೆ 50 ವರ್ಷ ತುಂಬುವ ಮೊದಲೇ ಮಾತು ಶುರುವಾಯಿತು. 1968ರಿಂದ 1990ರ ನಡುವೆ ಮಂತ್ರಿಮಟ್ಟದ 26 ಸಭೆ ನಡೆದವು. 1976ರಲ್ಲಿ ಕರಡು ಕೂಡ ಸಿದ್ಧವಾಗಿತ್ತು. ಆಗ ತಮಿಳುನಾಡು ರಾಷ್ಟ್ರಪತಿ ಆಳ್ವಿಕೆಯಲ್ಲಿತ್ತು. ಚುನಾಯಿತ ಸರ್ಕಾರ ಬಂದ ಮೇಲೆ ಅದು ಮುಂದಕ್ಕೆ ಹೋಗಲಿಲ್ಲ. ಜನ ಆರಿಸದವರು ಒಪ್ಪಿದ ಮಾತನ್ನು ಜನ ಆರಿಸಿದವರು ಹೊರುವುದಿಲ್ಲ.

ನಿಜವಾದ ಗಂಟು ಮಳೆಯ ಕಾಲದಲ್ಲಿದೆ. ತಂಜಾವೂರಿನ ಕಡೆ ಕುರುವೈ ಬೆಳೆಗೆ ಜೂನ್‌ನಲ್ಲೇ ನೀರು ಬೇಕು. ಆಗ ನಮ್ಮ ಅಣೆಕಟ್ಟೆಗಳ ತಳ ಕಾಣುತ್ತಿರುತ್ತದೆ, ಮುಂಗಾರು ಕೊಡಗಿನಲ್ಲಿ ಇನ್ನೂ ಹಿಡಿದಿರುವುದಿಲ್ಲ. ಅವರಿಗೆ ಹಿಂಗಾರು ಬರುವುದು ಅಕ್ಟೋಬರ್‌ಗೆ. ಕಾವೇರಿ ನ್ಯಾಯಮಂಡಳಿ 2007ರಲ್ಲಿ 740 ಟಿಎಂಸಿ ಅಡಿ ನೀರು ಲೆಕ್ಕ ಹಾಕಿ ತಮಿಳುನಾಡಿಗೆ 419, ನಮಗೆ 270 ಎಂದಿತು. ಸುಪ್ರೀಂ ಕೋರ್ಟ್ 2018ರಲ್ಲಿ ನಮಗೆ 14.75 ಹೆಚ್ಚಿಸಿ, ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಹರಿಯಲಿ ಎಂದಿತು. ಮಳೆ ಚೆನ್ನಾಗಿ ಆದ ವರ್ಷ ಈ ಅಂಕಿ ಯಾರಿಗೂ ನೆನಪಿರುವುದಿಲ್ಲ. ಕೊರತೆಯನ್ನು ಪಾಲಿಗೆ ತಕ್ಕಂತೆ ಹಂಚಿಕೊಳ್ಳಿ ಎಂದು ಐತೀರ್ಪಿನಲ್ಲಿದೆ. ಬರದ ವರ್ಷ ಯಾವ ತಿಂಗಳು ಎಷ್ಟು ಎಂಬ ಸೂತ್ರಕ್ಕೆ ಎರಡು ಸರ್ಕಾರಗಳು ಇನ್ನೂ ಒಪ್ಪಿಲ್ಲ. ಅದಕ್ಕೇ 2002, 2012, 2016, 2023, ಪ್ರತಿ ಸಲವೂ ಬೀದಿಗೆ ಬಂದೆವು.

ಕೆರೆ ಅರ್ಧ ತುಂಬಿದ ವರ್ಷ ನಮ್ಮ ನೀರುಗಂಟಿ ಒಟ್ಲು ಹಾಕುವ ಮುಂಚೆಯೇ ಊರವರನ್ನು ಕೂರಿಸಿ ಸರದಿ ಗೊತ್ತುಮಾಡುತ್ತಿದ್ದ. ಮೇಲಿನ ಬಯಲಿಗೆ ಇಷ್ಟು, ಕೆಳಗಿನ ಬಯಲಿಗೆ ಇಷ್ಟು. ಮೊದಲೇ ತಿಳಿದರೆ ಯಾರು ಭತ್ತ, ಯಾರು ರಾಗಿ ಎಂದು ತೀರ್ಮಾನಿಸಬಹುದು. ನಾಟಿ ಆದ ಮೇಲೆ ಮಡೆ ಮುಚ್ಚಿದರೆ ಯಾವ ರೈತ ಸುಮ್ಮನಿರುತ್ತಾನೆ?

ಇಸ್ರೇಲ್ ಮತ್ತು ಪ್ಯಾಲೆಸ್ಟೀನಿನವರ 1993ರ ಓಸ್ಲೋ ಒಪ್ಪಂದದಲ್ಲೂ ನಮ್ಮ ಬರದ ಸೂತ್ರದಂತೆ ಕಷ್ಟದ್ದನ್ನೆಲ್ಲ ಮುಂದಕ್ಕೆ ಹಾಕಿದರು: ಜೆರುಸಲೇಂ, ನಿರಾಶ್ರಿತರು, ಗಡಿ, ಯಹೂದಿ ವಸಾಹತುಗಳು. ಪ್ಯಾಲೆಸ್ಟೀನಿನವರಿಗೆ ನೀರಿನ ಹಕ್ಕಿದೆ ಎಂದು 1995ರಲ್ಲಿ ಇಸ್ರೇಲ್ ಒಪ್ಪಿತು, ಎಷ್ಟು ಎಂಬುದು ಅಂತಿಮ ಮಾತುಕತೆಗೆ ಉಳಿಯಿತು. ಅಷ್ಟರಲ್ಲಿ ವೆಸ್ಟ್ ಬ್ಯಾಂಕಿನಲ್ಲಿ ವಸಾಹತುಗಳು ಬೆಳೆದವು, ಇಸ್ರೇಲಿನ ಬಸ್ಸುಗಳಲ್ಲಿ ಬಾಂಬು ಸಿಡಿದವು. ರಾಜಿಗೆ ಹೊರಟ ಪ್ರಧಾನಿ ರಾಬಿನ್ ಅವರನ್ನು 1995ರ ನವೆಂಬರ್ 4ರಂದು ಕೊಂದವನು ಯಹೂದಿಯೇ. 2000ರ ಕ್ಯಾಂಪ್ ಡೇವಿಡ್ ಸಭೆ ಬರಿಗೈಲಿ ಮುಗಿಯಿತು.

ಇಲ್ಲೂ ರಾಜಿಯ ಮಾತಾಡಿದವರು ದ್ರೋಹಿಗಳೇ. ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಪ್ರಕಟವಾದ ಹಿಂದೆಯೇ 1991ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ತಮಿಳು ಬಡಾವಣೆಗಳ ಮೇಲೆ ದಾಳಿಯಾಯಿತು. ಅಲ್ಲಿ ಏಟು ತಿಂದ ಕೂಲಿಯವರಿಗೂ ಕಾವೇರಿ ಲೆಕ್ಕಕ್ಕೂ ಏನು ಸಂಬಂಧ? ನನಗೆ ಇಂದಿಗೂ ಸಂಕಟವಾಗುತ್ತದೆ.

ಮಾದಪ್ಪನ ಬೆಟ್ಟದಲ್ಲಿ ಮೆಟ್ಟೂರು ಕಡೆಯ ಒಬ್ಬ ರೈತ ಪಕ್ಕದಲ್ಲಿ ಕೂತು, ಅರ್ಧ ಕನ್ನಡದಲ್ಲಿ ಮೊದಲು ಕೇಳಿದ್ದೇ, "ನಿಮ್ ಕಡೆ ಮಳೆ ಆಯ್ತಾಣ್ಣ?" ಕೊಡಗಿನ ಮಳೆಯ ಸುದ್ದಿ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಎರಡೂ ಕಡೆಯ ಇಂಥ ರೈತರನ್ನೇ 2003ರಲ್ಲಿ ಅರ್ಥಶಾಸ್ತ್ರಜ್ಞ ಎಸ್. ಜನಕರಾಜನ್ 'ಕಾವೇರಿ ಕುಟುಂಬ' ಎಂದು ಒಂದೆಡೆ ಕೂರಿಸಿದರು. ನಮ್ಮ ರೈತನಾಯಕ ಕೆ.ಎಸ್. ಪುಟ್ಟಣ್ಣಯ್ಯ ಅದರಲ್ಲಿದ್ದರು. ಇವರು ಅವರ ಗದ್ದೆ ನೋಡಿದರು, ಅವರು ಇವರ ಗದ್ದೆ ನೋಡಿದರು. ಸಹಿ ಹಾಕುವ ಅಧಿಕಾರ ಮಾತ್ರ ಇಬ್ಬರಿಗೂ ಇರಲಿಲ್ಲ.

2024ರ ಜುಲೈನಲ್ಲಿ ಕನ್ನಂಬಾಡಿಯೂ ತುಂಬಿತು, ಮೆಟ್ಟೂರೂ ತುಂಬಿತು. ಬರದ ಸೂತ್ರಕ್ಕೆ ಕೂರಬೇಕಾದ ವರ್ಷ ಅದಾಗಿತ್ತು. ಮುಂದೆ ಎರಡೂ ತುಂಬುವ ವರ್ಷ ರೈತರನ್ನೂ ಜೊತೆಗಿಟ್ಟುಕೊಂಡು ಕೂರಲಿ ಎಂದು ಎರಡೂ ಸರ್ಕಾರಗಳನ್ನು ಕೇಳುತ್ತೇನೆ.