ಸೌವಿನ್: ಲಂಡನ್ನಿನಲ್ಲಿ ಹಿರಿಯರ ಇರುಳು



ಅಕ್ಟೋಬರ್ ತಿಂಗಳ ಕಡೆಯ ಸಂಜೆ ನಮ್ಮ ಮಕ್ಕಳು ಮಾಟಗಾತಿಯ ಟೋಪಿ ತೊಟ್ಟು, ನೆರೆಮನೆಗಳ ಬಾಗಿಲು ತಟ್ಟಿ ಮಿಠಾಯಿ ತರುತ್ತಾರೆ. ಅದು ಅಮೆರಿಕದಿಂದ ಬಂದ ಅಂಗಡಿಕಾರರ ಹಬ್ಬವೆಂದು ನಾವು ನಕ್ಕು ಸುಮ್ಮನಾಗುತ್ತೇವೆ. ಅದೇ ರಾತ್ರಿ ಇದೇ ಮಹಾನಗರದ ಕೆಲವು ಮನೆಗಳಲ್ಲಿ ದೀಪ ಹಚ್ಚಿ, ತೀರಿಕೊಂಡವರಿಗೆಂದು ಒಂದು ತಟ್ಟೆ ಬಡಿಸಿಟ್ಟು, ಮಾತಿಲ್ಲದೆ ಉಣ್ಣುವವರಿದ್ದಾರೆ. ಹಿರಿಯರಿಗೆ ಎಡೆ ಇಡುವುದನ್ನು ಕಂಡು ಬೆಳೆದ ನಮಗೆ ಇದು ಪರಕೀಯವೆನಿಸಬೇಕಾಗಿಲ್ಲ. ಆದರೆ ಇದರಲ್ಲಿ ಹಳೆಯದೆಷ್ಟು, ಹೊಸದೆಷ್ಟು ಎಂಬುದನ್ನು ಅರಿತು ನೋಡುವುದು ಒಳಿತು.

ಐರಿಷ್ ಭಾಷೆಯಲ್ಲಿ ಈ ಹಬ್ಬದ ಹೆಸರು ಸೌವಿನ್. ಬರಹವನ್ನು ನೋಡಿ 'ಸಂಹೈನ್' ಎಂದು ಓದಿದವರಲ್ಲಿ ನಾನೂ ಒಬ್ಬ. ಬೇಸಗೆಯ ಕೊನೆ ಎಂದು ಆ ಪದಕ್ಕೆ ಸಾಮಾನ್ಯವಾಗಿ ಅರ್ಥ ಹೇಳುವುದುಂಟು. ಗುಡ್ಡಗಾವಲಿನಿಂದ ದನಕರುಗಳನ್ನು ಇಳಿಸಿ ತಂದು, ಚಳಿಗಾಲಕ್ಕೆ ಅಣಿಯಾಗುವ ಕಾಲವದು. ಹಬ್ಬ ನವೆಂಬರ್ 1ರದಾದರೂ ಆಚರಣೆ ಹಿಂದಿನ ಸಂಜೆಯೇ ಆರಂಭ. ಗಾಲ್ ಜನರು ಕಾಲವನ್ನು ಹಗಲಿನಿಂದಲ್ಲ, ಇರುಳಿನಿಂದ ಎಣಿಸುತ್ತಿದ್ದರೆಂದು ಜೂಲಿಯಸ್ ಸೀಸರನೇ ಬರೆದಿದ್ದಾನೆ. ಮಧ್ಯಯುಗದ ಐರಿಷ್ ಕಥೆಗಳಲ್ಲಿ ಇದು ಅನ್ಯಲೋಕದ ದಿಬ್ಬಗಳು ಬಾಯಿ ತೆರೆಯುವ ರಾತ್ರಿ. ಆದರೆ ಸತ್ತವರ ಸ್ಮರಣೆ ಈ ದಿನಗಳಿಗೆ ಅಂಟಿಕೊಂಡದ್ದು ಬಹುಮಟ್ಟಿಗೆ ಕ್ರೈಸ್ತರ ಸಕಲ ಸಂತರ ದಿನ ಹಾಗೂ ಸಕಲ ಮೃತರ ದಿನಗಳಿಂದ ಎಂದು ಇತಿಹಾಸಕಾರ ರೊನಾಲ್ಡ್ ಹಟನ್ ತಮ್ಮ 1996ರ ಗ್ರಂಥದಲ್ಲಿ ವಾದಿಸಿದ್ದಾರೆ. ನನಗೂ ಆ ವಾದವೇ ಸರಿಯೆನಿಸುತ್ತದೆ.

ಇಂದು ಕಾಣುವ ವಿಧಿಗಳಂತೂ ಇನ್ನೂ ಹೊಸವು. ಇಂಗ್ಲೆಂಡಿನ ಹಳೆಯ ಮಾಟದ ಕಾಯಿದೆ ರದ್ದಾದುದು 1951ರಲ್ಲಿ. ಜೆರಾಲ್ಡ್ ಗಾರ್ಡ್‌ನರ್ ಮಾಟಗಾತಿಯರ ಧರ್ಮವನ್ನು ಕುರಿತು ಬಹಿರಂಗವಾಗಿ ಪುಸ್ತಕ ಪ್ರಕಟಿಸಿದ್ದು 1954ರಲ್ಲಿ. ವರ್ಷಕ್ಕೆ ಎಂಟು ಹಬ್ಬಗಳ ಚಕ್ರ ರೂಪುಗೊಂಡುದು ಆ ದಶಕದಲ್ಲಿಯೇ.

ಟ್ಯಾರೋ ಎಲೆಗಳ ಕಥೆಯೂ ಅಂತಹುದೇ. ಅವು 15ನೆಯ ಶತಮಾನದ ಉತ್ತರ ಇಟಲಿಯಲ್ಲಿ ಆಟಕ್ಕೆಂದು ಹುಟ್ಟಿದ ಇಸ್ಪೀಟು. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬಲಾನ್ ಎಂಬ ವಿದ್ವಾಂಸ ಅವುಗಳಲ್ಲಿ ಈಜಿಪ್ಟಿನ ಗುಪ್ತಜ್ಞಾನವಿದೆಯೆಂದು ಆಧಾರವಿಲ್ಲದೆ ಸಾರಿದ ಮೇಲೆ ಅವಕ್ಕೆ ಭವಿಷ್ಯ ನುಡಿಯುವ ಕೆಲಸ ಬಂತು. ಇಂದು ಎಲ್ಲೆಡೆ ಕಾಣುವ 78 ಎಲೆಗಳ ಕಟ್ಟು ಅಚ್ಚಾದುದು 1909ರಲ್ಲಿ, ಇದೇ ಲಂಡನ್ನಿನಲ್ಲಿ. ಯೋಜನೆ ಎ. ಇ. ವೇಟ್ ಅವರದು, ಚಿತ್ರಗಳು 1878ರಲ್ಲಿ ಪಿಮ್ಲಿಕೋದಲ್ಲಿ ಹುಟ್ಟಿದ ಪಮೇಲಾ ಕೋಲ್ಮನ್ ಸ್ಮಿತ್ ಅವರವು. ಜಗತ್ತೇ ಬಳಸುವ ಚಿತ್ರಗಳನ್ನು ಬರೆದ ಈಕೆಗೆ ದೊರೆತುದು ಅಲ್ಪ ಸಂಭಾವನೆ. 1951ರಲ್ಲಿ ಬಡತನದಲ್ಲಿಯೇ ತೀರಿಕೊಂಡರು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರೂ ಗಂಜೀಫಾ ಎಲೆಗಳಲ್ಲಿ ದೇವಾನುದೇವತೆಗಳನ್ನು ಬರೆಯಿಸಿದರು. ಮೈಸೂರಿನಲ್ಲಿ ಮಾತ್ರ ಅದು ಆಟವಾಗಿಯೇ ಉಳಿಯಿತು!

ಮನೆಯ ಆಚರಣೆ ಸರಳ. ಸೂರ್ಯಾಸ್ತದ ಅನಂತರ ಕಿಟಕಿಯಲ್ಲೊಂದು ಮೇಣದ ಬತ್ತಿ. ಮೇಜಿನ ಮೇಲೆ ಅಗಲಿದವರ ಭಾವಚಿತ್ರ, ಸೇಬು, ಅವರಿಗೆ ಪ್ರಿಯವಾದ ತಿನಿಸು. ಒಂದು ಕುರ್ಚಿ ಖಾಲಿ. ಊಟ ಮುಗಿಯುವ ತನಕ ಮೌನ. ಬಳಿಕ ಒಬ್ಬೊಬ್ಬರೂ ಒಂದೊಂದು ಹೆಸರನ್ನು ಗಟ್ಟಿಯಾಗಿ ಹೇಳುತ್ತಾರೆ. ಕೊನೆಯಲ್ಲಿ ಮೂರು ಎಲೆ ತೆಗೆಯುವುದುಂಟು: ಕಳಚಿಹೋದದ್ದು, ಉಳಿದದ್ದು, ಎದುರಿಗಿರುವುದು. 13ನೆಯ ಎಲೆ 'ಮೃತ್ಯು' ಬಂದರೆ ಹೊಸಬರು ಬೆಚ್ಚುತ್ತಾರೆ. ಬಿಳಿಯ ಕುದುರೆಯ ಮೇಲೆ ಕರಿಯ ಕವಚ ತೊಟ್ಟ ಅಸ್ಥಿಪಂಜರ. ಹಿಂದೆ ಎರಡು ಗೋಪುರಗಳ ನಡುವೆ ಸೂರ್ಯ. ಬಲ್ಲವರು ಅದನ್ನು ಸಾವೆಂದು ಓದದೆ, ಒಂದು ಘಟ್ಟ ಮುಗಿಯಿತೆಂದು ಓದುತ್ತಾರೆ. ಎಲೆಗೆ ಭವಿಷ್ಯ ತಿಳಿದಿದೆಯೆ? ಗಿಣಿಶಾಸ್ತ್ರದ ಗಿಣಿಗೆ ತಿಳಿದಿರುವಷ್ಟೇ. ಅದನ್ನು ನೆಚ್ಚಿ ಔಷಧ ಬಿಡುವುದಾಗಲಿ, ಹಣ ಸುರಿಯುವುದಾಗಲಿ ಅವಿವೇಕ. ಆದರೆ ಚಿತ್ರವೊಂದು ಎದುರಿಗಿದ್ದರೆ, ತಂದೆಯ ಬಗ್ಗೆ ಹತ್ತು ವರ್ಷ ಬಾಯಿ ಬಿಡದ ಮಗನೂ ಮಾತನಾಡಿಯಾನು. ಊರು ತಲುಪುವಷ್ಟರಲ್ಲಿ ಸಂಸ್ಕಾರವೇ ಮುಗಿದುಹೋದ ಅನುಭವ ಈ ಸಭೆಯಲ್ಲಿ ಎಷ್ಟು ಮಂದಿಗಿಲ್ಲ?

ನಮ್ಮವರೇ ಅಲ್ಲದ ಸತ್ತವರ ಮಾತೂ ಒಂದಿದೆ. ಥೇಮ್ಸ್ ನದಿಯ ದಕ್ಷಿಣಕ್ಕೆ, ಸದರ್ಕಿನ ರೆಡ್‌ಕ್ರಾಸ್ ವೇ ಎಂಬ ಓಣಿಯಲ್ಲಿ ಕ್ರಾಸ್‌ಬೋನ್ಸ್ ಎಂಬ ಹಳೆಯ ಸ್ಮಶಾನವಿದೆ. ಮೊದಲು ವೇಶ್ಯೆಯರನ್ನು, ಮುಂದೆ ಕಡುಬಡವರನ್ನು ಹೂಳುತ್ತಿದ್ದ ನೆಲವೆಂದು ಪ್ರತೀತಿ. ಸುಮಾರು 15,000 ದೇಹಗಳು ಇಲ್ಲಿವೆಯೆಂದು ಅಂದಾಜು. ಇನ್ನು ಹೂಳಲು ಜಾಗವಿಲ್ಲವೆಂದು 1853ರಲ್ಲಿ ಮುಚ್ಚಲಾಯಿತು. 1990ರ ದಶಕದಲ್ಲಿ ಜ್ಯೂಬಿಲಿ ರೈಲುಮಾರ್ಗದ ಕಾಮಗಾರಿಗಾಗಿ ಅಗೆದಾಗ 148 ಅಸ್ಥಿಪಂಜರಗಳನ್ನು ಹೊರತೆಗೆದರು. 1998ರಿಂದ 2010ರವರೆಗೆ ಪ್ರತಿ ವರ್ಷ ಅಕ್ಟೋಬರ್ 31ರ ರಾತ್ರಿ ನಾಟಕಕಾರ ಜಾನ್ ಕಾನ್‌ಸ್ಟಬಲ್ ಮತ್ತು ಸಂಗಡಿಗರು ಮೇಣದ ಬತ್ತಿ ಹಿಡಿದು ಇಲ್ಲಿಗೆ ನಡೆದು ಬಂದು, ಈ ಅನಾಮಿಕರನ್ನು ಸ್ಮರಿಸಿದರು. ಮಹಾಲಯದಲ್ಲಿ ಯಾರೂ ಇಲ್ಲದವರಿಗೆಂದು ಇಡುವ ಧರ್ಮಪಿಂಡ ನನಗೆ ನೆನಪಾಯಿತು.

ಅಲ್ಲಿನ ಕಬ್ಬಿಣದ ಬಾಗಿಲಿನ ತುಂಬ ಹೆಸರು ಬರೆದ ರಿಬ್ಬನ್ನುಗಳನ್ನು ಕಟ್ಟಿದ್ದಾರೆ. ಬರೋ ನಿಲ್ದಾಣದಿಂದ ನಡೆದೇ ಹೋಗಬಹುದು. ರಿಬ್ಬನ್ನು, ಮಳೆಗೆ ಅಳಿಸದ ಶಾಯಿಯ ಪೆನ್ನು ಎರಡನ್ನೂ ಮನೆಯಿಂದಲೇ ಒಯ್ಯಿರಿ. ಹೆಸರನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ.